ಡಿಂಗಲ್‌ಗೆ ಹೋಗುವ ರಸ್ತೆ

ಹುಮನಾಬಾದಿನ ಬಸ್ ನಿಲ್ದಾಣದ ಹೊರಗೆ ಕ್ರೂಸರ್ ಗಾಡಿಗಳು ನಿಲ್ಲುವ ಜಾಗದಲ್ಲಿ ದೇವಿದಾಸನ ಪರಿಚಯವಿಲ್ಲದವರು ಕಡಿಮೆ. ಮೀಸೆ ಮೂಡುವ ವಯಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದವನು ತಲೆ ನರೆಯುವವರೆಗೂ ಬಸವಕಲ್ಯಾಣದ ದಾರಿಯಲ್ಲೇ ಓಡಾಡಿದ್ದ. ರಾಜೇಶ್ವರ, ಸಸ್ತಾಪುರ ಬಂಗ್ಲಾ, ಕಲ್ಯಾಣ. ಮತ್ತೆ ಅದೇ ದಾರಿಯಲ್ಲಿ ವಾಪಸು. ಮದುವೆಗೆ, ಮಣ್ಣಿಗೆ, ಕೋರ್ಟಿಗೆ, ಹೆರಿಗೆಗೆ ಜನರನ್ನು ಹೊತ್ತು ತಿರುಗಿದ್ದನೇ ಹೊರತು, ಸುಮ್ಮನೆ ನೋಡಿಕೊಂಡು ಬರಲೆಂದು ಎಂದೂ ಎಲ್ಲಿಗೂ ಗಾಡಿ ಹೊಡೆದವನಲ್ಲ.

ಮಗಳು ಸುಮೇಧಾ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ ಓದುತ್ತಿದ್ದಳು. ಭಾನುವಾರ ಮಧ್ಯಾಹ್ನ ಅವಳ ವಿಡಿಯೋ ಕರೆ ಬಂತೆಂದರೆ ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿನ ತಮ್ಮ ಮನೆಯಲ್ಲಿ ಗಂಡ ಹೆಂಡತಿ ಊಟದ ತಾಟನ್ನೂ ಮರೆಯುತ್ತಿದ್ದರು. ಅಂಥದೊಂದು ಭಾನುವಾರ ಅವಳೇ ಮಾತು ತೆಗೆದಳು.

"ಅಪ್ಪಾ, ಜೂನಿನ್ಯಾಗ ನೀವಿಬ್ರೂ ಬರ್ರಿ. ಟಿಕೆಟ್ ನಾ ಕಳಸ್ತೀನಿ, ಬೇಕರಿ ಕೆಲಸದಾಗ ಉಳಿಸೀನಿ. ಇಲ್ಲೊಂದು ಕಾರು ಬಾಡಿಗಿಗಿ ತಗೊಂಡು ತಿರಗೋಣು. ನೀನೇ ಹೊಡಿಬೇಕು ಮತ್ತ."

"ನಾನಾ? ಆ ದೇಶದಾಗ?"

"ಯಾಕ? ಇಲ್ಲೂ ನಮ್ಮಂಗ ಎಡಕ್ಕೇ ಹೊಡಿತಾರ. ಸ್ಟಿಯರಿಂಗೂ ಬಲಕ್ಕೇ ಅದ. ನಿನ್ನ ಲೈಸೆನ್ಸ್ ನಡೀತದ."

ಅಂದಿನಿಂದ ದೇವಿದಾಸನ ತಲೆಯೊಳಗೆ ಆ ದೇಶದ ರಸ್ತೆಯೇ ಹೊಕ್ಕಿತು. ಮಗಳು ಫೋನಿನಲ್ಲಿ ನಕಾಶೆ ತೋರಿಸುವಳು, ಇವನು ಕಣ್ಣಿಗೆ ಹತ್ತಿರ ಹಿಡಿದು ನೋಡುವನು. ಗಾಲ್ವೇಯಿಂದ ಸಮುದ್ರದ ಬದಿ ಹಿಡಿದು ಮೋಹರ್ ಎಂಬಲ್ಲಿ ಸಮುದ್ರಕ್ಕೆ ನೇರ ಇಳಿಯುವ ಎತ್ತರದ ಕಡಿಬಂಡೆಗಳು, ಅಲ್ಲೇ ಸಮೀಪದ ಸಣ್ಣ ಊರಿನಲ್ಲಿ ವಸ್ತಿ, ಆಮೇಲೆ ತೆಂಕಣಕ್ಕೆ ಇಳಿದು ಡಿಂಗಲ್. ಆ ಹೆಸರು ಅವನ ಬಾಯಿಗೆ ಬಹಳ ರುಚಿಸಿತು. ರಸ್ತೆ ಎಷ್ಟು ಅಗಲ, ಎದುರಿಗೆ ಬಸ್ಸು ಬಂದರೆ ಯಾರು ಹಿಂದೆ ಸರಿಯಬೇಕು, ಕುರಿಗಳು ಅಡ್ಡ ಬಂದರೆ ಹಾರ್ನ್ ಹೊಡೆಯಬಹುದೋ ಇಲ್ಲವೋ, ಎಲ್ಲವನ್ನೂ ಕೇಳುವನು. ಹೆಂಡತಿ ಸುಗಂಧಾಗೆ ಇವು ಯಾವುವೂ ಬೇಕಿರಲಿಲ್ಲ.

"ನನಗ ಆಕಿ ಎಲ್ಲಿ ಮಲಗ್ತಾಳ, ಏನ್ ಉಣ್ತಾಳ ನೋಡಿದ್ರ ಸಾಕ್ರಿ" ಅನ್ನುವಳು.

ನಿಲ್ದಾಣದಲ್ಲಿ ಜೊತೆಯ ಚಾಲಕ ಮಹೆಬೂಬ ನಗೆಯಾಡುತ್ತಿದ್ದ. "ಕ್ಯಾ ದೇವಿದಾಸ ಭಾಯ್, ಡಿಂಗಲ್ ಡಿಂಗಲ್ ಅಂತ ಸವಾರಿ ಕರೀಲೇನು?"

ಮಾಘದ ಒಂದು ಮುಂಜಾನೆ ರಾಜೇಶ್ವರದ ಬಳಿ ಎಡಗಡೆಯಿಂದ ಬಂದ ಬೈಕೊಂದು ಕ್ರೂಸರಿಗೆ ತಗುಲಿ ಬಿತ್ತು. ಸವಾರನಿಗೆ ಮೊಣಕೈ ತರಚಿತು, ಅಷ್ಟೇ. ಆದರೆ ಹಾಡಹಗಲಿನ ಬಯಲು ರಸ್ತೆಯಲ್ಲಿ ಅದು ಬಂದದ್ದೇ ದೇವಿದಾಸನಿಗೆ ಕಂಡಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಮುದುಕಿಗೆ ಕಂಡಿತ್ತು, ಕೂಗಿಯೂ ಇದ್ದಳು. ಇತ್ತೀಚೆಗೆ ಮನೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದುದು, ತಾಟಿನ ಪಕ್ಕದ ನೀರಿನ ಚರಿಗೆ ಉರುಳಿಸುತ್ತಿದ್ದುದು ಅವನಿಗೆ ಆಗ ನೆನಪಾಯಿತು. ಮೋತಿಬಿಂದು, ಕಣ್ಣಿಗೆ ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದರೆ ಜೂನಿನೊಳಗೆ ಸರಿಹೋಗುತ್ತದೆ ಎಂದುಕೊಂಡು ಕಲ್ಯಾಣದ ಕಣ್ಣಿನ ಡಾಕ್ಟರಲ್ಲಿಗೆ ಹೋದ.

ಡಾಕ್ಟರಮ್ಮ ಯಂತ್ರದ ಮುಂದೆ ಕೂಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಎದುರಿಗೆ ಕುಳಿತು ತಮ್ಮ ಕೈಯನ್ನು ಅವನ ಕಿವಿಯ ಹತ್ತಿರದಿಂದ ಮೆಲ್ಲಗೆ ಮುಂದೆ ತಂದರು.

"ಕೈ ಕಂಡ ಕೂಡಲೇ ಹೇಳ್ರಿ."

ಅವನು ಕಾದ. "ಈಗ ಕಂಡಿತ್ರಿ" ಎನ್ನುವ ಹೊತ್ತಿಗೆ ಕೈ ಹೆಚ್ಚುಕಡಿಮೆ ಅವನ ಮೂಗಿನ ಎದುರಿಗೇ ಬಂದಿತ್ತು.

"ಇದು ಮೋತಿಬಿಂದು ಅಲ್ರಿ. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತದ. ಹೋದ ದೃಷ್ಟಿ ತಿರುಗಿ ಬರಂಗಿಲ್ಲ. ಉಳಿದದ್ದು ಉಳೀಲಿ ಅಂತ ಹನಿ ಬರ್ಕೊಡ್ತೀನಿ, ದಿನಾ ಹಾಕ್ಕೋಬೇಕು. ಗಾಡಿ ಮಾತ್ರ ಇವತ್ತಿಂದಲೇ ಬಿಡ್ರಿ."

"ಜೂನ್ ತನಕ ನಡಸ್ಲಿಕ್ಕಾಗಲ್ಲೇನ್ರಿ?"

"ಇವತ್ತು ಮನಿಗೂ ನೀವು ಹೊಡ್ಕೊಂಡು ಹೋಗಬ್ಯಾಡ್ರಿ."

ಮಹೆಬೂಬ ಬಂದು ಕ್ರೂಸರನ್ನು ಹುಡಗಿಗೆ ತಂದು ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ಕುಳಿತ ದೇವಿದಾಸನ ಬಲಗಾಲು ತಿರುವು ಬಂದಾಗಲೆಲ್ಲ ತಾನಾಗಿ ಬ್ರೇಕು ಒತ್ತುತ್ತಿತ್ತು.

ಸುಗಂಧಾಗೆ ಹೇಳಿದ. ಮಗಳಿಗೆ ಹೇಳಲಿಲ್ಲ. ಮುಂದಿನ ಭಾನುವಾರ ಸುಮೇಧಾ ಕರೆ ಮಾಡಿದಾಗ ಎಂದಿನಂತೆ ಡಿಂಗಲ್ ಮಾತು ಬಂತು. ಇವನು ಎಂದಿನಂತೆ ಏರು ಹೇಗಿದೆ, ಇಳಿಜಾರು ಹೇಗಿದೆ ಎಂದು ಕೇಳಿದ. ಅದರ ಮುಂದಿನ ವಾರವೂ ಕೇಳಿದ. ಸುಗಂಧಾ ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ ತಲೆ ಎತ್ತುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಮಗಳು ಖುಷಿಯಿಂದ ಹೇಳಿದಳು:

"ಅಪ್ಪಾ, ಕಾರು ಬುಕ್ ಮಾಡ್ದೆ. ನಿನ್ನ ಹೆಸರಲ್ಲೇ. ಕೆಂಪು ಬಣ್ಣದ್ದು."

ದೇವಿದಾಸ ನಗಲು ನೋಡಿದ. ಸುಗಂಧಾ ಅವನ ಕೈಯಿಂದ ಫೋನು ಕಸಿದುಕೊಂಡಳು.

"ಆ ಕಾರು ಬ್ಯಾಡಂತ ಹೇಳು ಮಗಾ. ನಿಮ್ಮಪ್ಪಗ ಕಣ್ಣು ಹೊಂಟಾವ."

ಡಾಕ್ಟರು ಏನಂದರೆಂದು ಮಗಳು ಒಂದೊಂದಾಗಿ ಕೇಳಿ ತಿಳಿದಳು. ಕೊನೆಗೆ, "ಇರ್ಲಿ ಬಿಡಪ್ಪಾ, ಬಸ್ಸಿನ್ಯಾಗ ಹೋಗೋಣು. ನಿನಗ ಕಿಟಕಿ ಹತ್ರ ಕೂಡಸ್ತೀನಿ" ಅಂದಳು. ದೇವಿದಾಸ ಹೂಂ ಅಂದ. ಆಮೇಲಿನ ಭಾನುವಾರಗಳಲ್ಲಿ ಡಿಂಗಲ್ ಹೆಸರು ಬರಲಿಲ್ಲ. ಗಾಲ್ವೇಯ ಪ್ರವಾಸಿ ಬಸ್ಸು ಅಷ್ಟು ದೂರ ಹೋಗುವುದಿಲ್ಲವಂತೆ, ಕಡಿಬಂಡೆ ತೋರಿಸಿ ಸಂಜೆಗೆ ವಾಪಸು ತರುತ್ತದಂತೆ.

"ನೀನೊಬ್ಬಾಕಿ ಹೋಗಿ ಬಾ. ನಾ ಬಂದು ಏನ್ ನೋಡ್ಲಿ?" ಎಂದು ಅವನು ಒಮ್ಮೆ ಹೆಂಡತಿಗೆ ಹೇಳಿದ.

"ನೀವು ರಸ್ತಾ ನೋಡಾಕ ಹೊಂಟಿದ್ರೇನು? ಮಗಳ ಮುಖ ನೋಡಾಕ ಅಲ್ಲೇನು?" ಎಂದಳು ಸುಗಂಧಾ.

ಜೂನಿನಲ್ಲಿ ಇಬ್ಬರೂ ಹೋದರು. ಸುಗಂಧಾ ಮಗಳ ಕೋಣೆ, ಒಲೆ, ಹಾಸಿಗೆ ಎಲ್ಲ ಮುಟ್ಟಿ ನೋಡಿ ಅತ್ತಳು. ಕಡಿಬಂಡೆಗೆ ಹೋದ ದಿನ ದೇವಿದಾಸ ಕಿಟಕಿಯ ಬಳಿ ಕುಳಿತಿದ್ದ. ರಸ್ತೆಯ ಎಡಬಲದ ಕಲ್ಲಿನ ಗೋಡೆಗಳು ಕಾಣಬೇಕಾದರೆ ಕತ್ತು ತಿರುಗಿಸಬೇಕಿತ್ತು. ಇಳಿದು ಅಂಚಿನವರೆಗೂ ನಡೆದಾಗ ಅವನ ಮುಂದೆ ಬರೀ ಬಿಳುಪಿತ್ತು. ಕೆಳಗೆಲ್ಲೋ ಸಮುದ್ರ ಅಪ್ಪಳಿಸುವ ಸದ್ದು.

"ಏನ್ ಕಾಣ್ತದ?" ಎಂದು ಹೆಂಡತಿಯನ್ನು ಕೇಳಿದ.

"ಏನೂ ಇಲ್ರಿ, ಮಂಜು. ಯಾರಿಗೂ ಏನೂ ಕಾಣಂಗಿಲ್ಲ."

"ಹೌದಪ್ಪಾ, ಇವತ್ತು ಬರೀ ಮಂಜು" ಎಂದಳು ಸುಮೇಧಾ.

ಅವನು ನಂಬಲಿಲ್ಲ. ತನಗಾಗಿ ಇಬ್ಬರೂ ಒಂದಾಗಿ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡ. ಸುತ್ತ ನಿಂತ ಜನ ಏನು ಮಾತಾಡುತ್ತಿದ್ದಾರೆಂದು ಕಿವಿಗೊಟ್ಟ. ಆ ಭಾಷೆ ಅವನಿಗೆ ತಿಳಿಯಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು, ಬಸ್ಸು ಹೊರಡುವ ತನಕ ಆ ಬಿಳುಪನ್ನೇ ನೋಡುತ್ತ ನಿಂತ.