ಮೂರನೇ ತರಗತಿಯ ಉಲ್ಟಾ ಓದು

ಮಗಳು ಮೂರನೇ ತರಗತಿಗೆ ಬಂದ ವರ್ಷ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಸರ್ಕಾರದ ಆದೇಶದಂತೆ, ಗಡಿಯೂರು ರಾಯದುರ್ಗದ ಬೆಟ್ಟದ ಕೆಳಗಿನ ನಮ್ಮ ಮುನಿಸಿಪಲ್ ಶಾಲೆಯಿಂದ ಮೂರು, ನಾಲ್ಕು, ಐದನೇ ತರಗತಿಗಳನ್ನು ರೈಲು ಹಳಿಯಾಚೆಯ ಹೈಸ್ಕೂಲಿಗೆ ಸೇರಿಸಿದರು. ಕನ್ನಡದಲ್ಲಿ ನಡೆಯುತ್ತಿದ್ದ ಪಾಠವನ್ನು ಇಂಗ್ಲಿಷಿಗೆ ಬದಲಾಯಿಸಿದರು. ಪುಸ್ತಕ ಮಾತ್ರ ಎರಡೂ ಭಾಷೆಯದು: ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಅದೇ ಪಾಠ ಕನ್ನಡದಲ್ಲಿ.

ನಾನು ಬಳ್ಳಾರಿಯಿಂದ ಬರುವ ಕನ್ನಡ ಪತ್ರಿಕೆಗೆ ಈ ಊರಿನ ವರದಿಗಾರ. ಪ್ರತಿ ಆದೇಶದ ಸುದ್ದಿಯಲ್ಲೂ ಪರ, ವಿರೋಧ ಎರಡಕ್ಕೂ ಸಮನಾಗಿ ಜಾಗ ಕೊಡುತ್ತಿದ್ದೆ. ಮನೆಯಲ್ಲಿ ನಾನು ಕನ್ನಡದ ಪರ, ಹೆಂಡತಿ ಇಂಗ್ಲಿಷಿನ ಪರ. ಅವಳು ಮಡಕಶಿರಾ ಕಡೆಯವಳು, ಅಮರಾಪುರದ ಹತ್ತಿರ ಕುರಿ ಸಾಕುವ ಮನೆಯಲ್ಲಿ ಬೆಳೆದವಳು. ಇಲ್ಲಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಚೆಕ್ಕಿಂಗ್ ಟೇಬಲ್ ನೋಡಿಕೊಳ್ಳುತ್ತಾಳೆ. ಹೊಲಿದು ಬಂದ ಪ್ಯಾಂಟುಗಳಲ್ಲಿ ಬಿಟ್ಟುಹೋದ ಹೊಲಿಗೆಯನ್ನು ಹುಡುಕಿ ವಾಪಸು ಕಳಿಸುವುದು ಅವಳ ಕೆಲಸ.

“ನಿಮ್ ಕನ್ನಡ ಎಲ್ಲಿಗೂ ಹೋಗಲ್ಲ, ಮನೇಲೇ ಐತೆ. ಇಂಗ್ಲಿಷ್ ಯಾರು ಕೊಡ್ತಾರೆ ಅವಳಿಗೆ?” ಎನ್ನುತ್ತಿದ್ದಳು.

“ತಿಳಿಯೋ ಭಾಷ್ಯಾಗ ಮೊದ್ಲು ಕಲೀಲಿ. ಉಳಿದದ್ದು ಆಮ್ಯಾಲ ಬರ್ತೈತಿ.”

“ಆಮೇಲೆ ಅಂದ್ರೆ ಯಾವಾಗ? ನಂಗೆ ಇನ್ನೂ ಬಂದಿಲ್ವಲ್ಲ.”

ಹೈಸ್ಕೂಲಿನಲ್ಲಿ ಪೋಷಕರ ಸಭೆ ನಡೆದಾಗ ಊರೇ ಹೀಗೆ ಎರಡಾಗಿತ್ತು. ಮಕ್ಕಳು ಹಳಿ ದಾಟುವುದು ಕೆಲವರ ಚಿಂತೆ, ಪಾಠದ ಮಾಧ್ಯಮ ಉಳಿದವರ ಚಿಂತೆ. ನನ್ನ ಹೆಂಡತಿ ಎದ್ದು ನಿಂತಳು.

“ಇಂಗ್ಲಿಷ್ ಬೇಕೇ ಬೇಕು. ಆದ್ರೆ ನಮ್ ಯೂನಿಟ್ಟಲ್ಲಿ ಹೊಸ ಡಿಸೈನ್ ಬಂದ್ರೆ ಮೊದ್ಲು ಒಂದು ಸ್ಯಾಂಪಲ್ ಪೀಸ್ ಹೊಲ್ದು ನೋಡ್ತೀವಿ ಮೇಡಂ. ನೀವು ನೇರವಾಗಿ ಇಡೀ ಲಾಟೇ ಕತ್ತರಿಸಿಬಿಡ್ತೀರ.”

ಮುಖ್ಯೋಪಾಧ್ಯಾಯಿನಿ ನಕ್ಕರು. “ಕತ್ರಿ ನಮ್ಮ ಕೈಯಾಗಿಲ್ಲಮ್ಮ. ಬಟ್ಟಿ ಕತ್ತರಿಸಿಕೊಂಡೇ ಇಲ್ಲಿಗೆ ಬರ್ತೈತಿ.”

ನಾನು ಕನ್ನಡದ ಪರ ಮಾತಾಡಿದೆ. ನಮ್ಮ ಓಣಿಯ ಆಟೋ ಓಡಿಸುವವರು ಹಿಂದಿನ ಸಾಲಿನಿಂದ ಅಂದರು: “ಅಣ್ಣಾರ, ಮೊದ್ಲು ಮನ್ಯಾಗ ಒಂದು ತೀರ್ಮಾನ ಮಾಡ್ಕೊಂಡು ಬರ್ರಿ. ಆಮ್ಯಾಲ ಪೇಪರ್‌ನ್ಯಾಗ ಹಾಕ್ರಿ.” ಸಭೆ ನಕ್ಕಿತು, ಹೆಂಡತಿಯೂ ನಕ್ಕಳು.

ವಾದ ಮುಗಿಯದ್ದನ್ನು ಕಂಡು ಮೇಡಂ ನನ್ನ ಮಗಳನ್ನು ಕರೆದು ಇಂಗ್ಲಿಷ್ ಪುಟ ಓದಿಸಿದರು. ಎಲ್ಲೂ ತಡವರಿಸದೆ ಓದಿದಳು. ಹೆಂಡತಿ ನನ್ನ ಕಡೆ ನೋಡಿದಳು. ಮೇಡಂ ಇನ್ನೂ ಕಲಿಸದ ಪಾಠವೊಂದನ್ನು ತೆಗೆದರು. ಮಗಳಿಗೆ ಮೊದಲ ಪದವೇ ಓದಲು ಬರಲಿಲ್ಲ.

“ಆತು, ಬಲಗಡಿ ಕನ್ನಡ ಐತಲ್ಲ, ಅದನ್ನ ಓದು.”

ಅಕ್ಷರ ಅಕ್ಷರ ಕೂಡಿಸಿದಳು. ಎರಡನೇ ಸಾಲಿಗೆ ನಿಂತೇಬಿಟ್ಟಳು. ನಂತರ ಬಂದ ಮಕ್ಕಳಲ್ಲೂ ಹೆಚ್ಚಿನವರದು ಅದೇ ಕಥೆ. ಯಾವ ಭಾಷೆಯಲ್ಲಿ ಓದಬೇಕೆಂದು ನಾವಿಬ್ಬರೂ ವಾದಿಸುತ್ತಿದ್ದೆವು. ಮಗಳು ಎರಡರಲ್ಲೂ ಓದುತ್ತಿರಲಿಲ್ಲ.

“ಅವಳು ಓದ್ತಾ ಇಲ್ಲ ಕಣ್ರಿ, ಬಾಯಿಪಾಠ ಒಪ್ಪಿಸ್ತಾವ್ಳೆ,” ಎಂದಳು ಹೆಂಡತಿ ದಾರಿಯಲ್ಲಿ.

ಮರುದಿನ ಸಂಜೆ ಕೆಲಸದಿಂದ ಬಂದವಳೇ ಪುಸ್ತಕ ತೆಗೆಸಿದಳು. ಕೊನೆಯ ಸಾಲಿನಿಂದ ಮೇಲಕ್ಕೆ ಓದಲು ಹೇಳಿದಳು. ಅವಳ ಟೇಬಲ್ಲಿನಲ್ಲಿ ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ ನೋಡುತ್ತಾರೆ. ಮೇಲಿನಿಂದ ಎಲ್ಲ ಹೊಲಿಗೆಯೂ ಸರಿಯಾಗಿಯೇ ಕಾಣುತ್ತದಂತೆ.

“ಅಮ್ಮಾ, ಹಿಂಗ ಯಾರೂ ಓದಲ್ಲ.”

“ಪ್ಯಾಂಟೂ ಯಾರೂ ಉಲ್ಟಾ ಹಾಕ್ಕೊಳಲ್ಲ. ಚೆಕ್ ಮಾಡಕ್ಕೆ ಹಂಗೆ.”

ಸಾಲುಗಳು ಹಿಂದುಮುಂದಾದಾಗ ಬಾಯಿಪಾಠ ನೆರವಿಗೆ ಬರಲಿಲ್ಲ. ಮಗಳು ಪ್ರತಿ ಪದವನ್ನೂ ನೋಡಲೇಬೇಕಾಯಿತು. ಕನ್ನಡ ಪುಟ ನನ್ನ ಪಾಲಿಗೆ, ಇಂಗ್ಲಿಷ್ ಪುಟ ಅವಳ ಅಮ್ಮನ ಪಾಲಿಗೆ ಬಂತು; ಮಾತಾಡಲು ಬಾರದಿದ್ದರೂ ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ಅವಳಿಗಿತ್ತು. ಯಾವುದು ಮೊದಲು ಎಂಬುದಕ್ಕೂ ಚರ್ಚೆಯಾಗಿ, ಒಂದು ದಿನ ಅದು, ಒಂದು ದಿನ ಇದು ಎಂದು ಒಪ್ಪಿಕೊಂಡೆವು. ಆಟೋದವರ ಮಗಳೂ ಬಂದು ಕೂರತೊಡಗಿದಳು. ಮೊದಮೊದಲು ಅಳು, ಮುನಿಸು ಎಲ್ಲ ಇತ್ತು. ನಮ್ಮ ಹಟವೂ ಇತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಮಗಳು ಕನ್ನಡದ ಪುಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಓದುತ್ತಿದ್ದಳು. ಇಂಗ್ಲಿಷ್ ಇನ್ನೂ ಕುಂಟುತ್ತಿತ್ತು.

ವರ್ಷ ಮುಗಿಯುವ ಹೊತ್ತಿಗೆ ಮತ್ತೊಂದು ಆದೇಶ ಬಂತು. ತರಗತಿಗಳು ಬೆಟ್ಟದ ಕೆಳಗಿನ ಶಾಲೆಗೇ ಮರಳಿದವು, ಮಾಧ್ಯಮದ ಮಾತು ಮತ್ತೆ ಎದ್ದಿತು. ಆ ಸುದ್ದಿಯನ್ನೂ ಬರೆದೆ. ಮಕ್ಕಳನ್ನು ಬೀಳ್ಕೊಡುವ ಮೊದಲು ಹೈಸ್ಕೂಲಿನ ಮೇಡಂ ಪೋಷಕರನ್ನು ಕರೆದು, ಮತ್ತೊಮ್ಮೆ ಇನ್ನೂ ಕಲಿಸದ ಪಾಠವೊಂದನ್ನು ಓದಿಸಿದರು. ಮಗಳಿಗೆ ಸಿಕ್ಕಿದ್ದು ಇಂಗ್ಲಿಷ್ ಪುಟ. ನಿಧಾನವಾಗಿ ಓದುತ್ತಾ ಹೋಗಿ ನಡುವಿನ ಒಂದು ಪದಕ್ಕೆ ನಿಂತಳು. ಬಲಪುಟದ ಕನ್ನಡವನ್ನು ತುಟಿಯಲ್ಲೇ ಓದಿಕೊಂಡು ಎಡಕ್ಕೆ ಮರಳಿ ಆ ಪದವನ್ನು ಹೇಳಿ ಮುಂದೆ ಸಾಗಿದಳು.

“ನಿಂತ್ಲು ನೋಡಿ,” ಎಂದು ಹೆಂಡತಿ ನನ್ನ ತೋಳು ಒತ್ತಿದಳು. ಬಾಯಿಪಾಠ ಮಾಡಿದವರು ಹಾಗೆ ನಿಲ್ಲುವುದಿಲ್ಲ.

ನಾಲ್ಕನೇ ತರಗತಿ ಯಾವ ಮಾಧ್ಯಮದಲ್ಲಿ ಎಂಬ ವಾದ ಮನೆಗೆ ಬರುವ ದಾರಿಯಲ್ಲೇ ಶುರುವಾಯಿತು. ಈ ಸಲ ಮಗಳೂ ಸೇರಿಕೊಂಡಳು.

“ಅಪ್ಪಾ, ನೀವಿಬ್ರೂ ಏನರ ಮಾಡ್ಕೊಳ್ರಿ. ಎರಡು ಪುಟದ ಪುಸ್ತಕ ಮಾತ್ರ ತೆಗೀಬ್ಯಾಡ್ರಿ ಅಂತ ಪೇಪರ್‌ನ್ಯಾಗ ಬರಿ.”