ಕಂಪ್ಲಿಯ ಭತ್ತದ ಧೂಳು ಮತ್ತು ಡಾ. ದೇವಿಕಾ

ಈ ಅಭಿನಂದನಾ ಸಂಪುಟದ ವಿದ್ವಾಂಸರ ನಡುವೆ, ಸಂಜೆ ಕಾಲೇಜಿನಲ್ಲಿ ಓದಿದ ಲ್ಯಾಬ್ ಸಹಾಯಕನೊಬ್ಬ ಡಾ. ದೇವಿಕಾ ಮೇಡಂ ಅವರ ಕುರಿತು ಹೇಳಹೊರಟಿರುವುದಕ್ಕೆ ಓದುಗರ ಕ್ಷಮೆಯಿರಲಿ. ವಿಜ್ಞಾನದ ಮಾತಿನಲ್ಲಿ ತಪ್ಪಿದ್ದರೆ ಅದು ಬರೆದವನದು, ಅವರದಲ್ಲ.

ರೋಗನಿರೋಧ ವಿಜ್ಞಾನದಲ್ಲಿ ಸೋಂಕು, ಲಸಿಕೆ, ಅಂಗಾಂಗ ಕಸಿ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳು ಎಂದು ಹಲವು ದಾರಿಗಳಿವೆ. ಮೇಡಂ ಆರಿಸಿಕೊಂಡದ್ದು ಅಲರ್ಜಿಯನ್ನು. ಹೊಸಪೇಟೆಯ ಸಣ್ಣ ಸಂಶೋಧನಾ ಕೇಂದ್ರದಲ್ಲಿದ್ದುಕೊಂಡೇ ಅವರು ಮೊದಲು ಸಂಡೂರಿನ ಶಾಲಾಮಕ್ಕಳ ಉಬ್ಬಸವನ್ನು, ಆಮೇಲೆ ಕಂಪ್ಲಿಯ ರೈಸ್ ಮಿಲ್ ಕೆಲಸಗಾರರ ಸೀನು, ದಮ್ಮುಗಳನ್ನು ಅಧ್ಯಯನ ಮಾಡಿದರು. ಈ ಸಹಾಯಕನಿಗೆ ಕಾಲೇಜಿನ ಪರೀಕ್ಷೆ ಬಂದಾಗ ಗಾಜಿನ ಕೊಳವೆಗಳನ್ನು ತಾವೇ ತೊಳೆದು, ಅವನನ್ನು ಕಾಲೇಜಿಗೆ ಅಟ್ಟಿದ್ದೂ ಉಂಟು.

ಮಿಲ್ಲಿನಲ್ಲಿ ಜರಡಿ ಹಿಡಿಯುತ್ತಿದ್ದ ಜಂಬಕ್ಕನವರಿಗೆ ಧೂಳೆದ್ದರೆ ಉಸಿರು ಕಟ್ಟುತ್ತಿತ್ತು. ಮೇಸ್ತ್ರಿ ಅದನ್ನು ಕಳ್ಳಾಟವೆನ್ನುತ್ತಿದ್ದ. ಅಲರ್ಜಿಯೆಂದು ಮೇಡಂ ಬರೆದುಕೊಟ್ಟರೆ ಚೀಲ ಹೊಲಿಯುವ ಕಡೆಗೆ ಹಾಕುತ್ತೇವೆ, ಇಲ್ಲವಾದರೆ ಮನೆಗೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಮುಂಗೈ ಮೇಲೆ ಬಗೆಬಗೆಯ ಧೂಳಿನ ಸಾರದ ಹನಿಗಳನ್ನು ಸಾಲಾಗಿ ಇಟ್ಟು ಸೂಜಿಮೊನೆ ತಾಗಿಸಿದರೆ, ಅಲರ್ಜಿ ಇದ್ದವರ ಚರ್ಮ ಉಬ್ಬುತ್ತದೆ. ಜಂಬಕ್ಕನವರಿಗೆ ಉಬ್ಬಲಿಲ್ಲ. ಮೇಡಂ ಮಾತ್ರ ಕೊನೆಯ ಹನಿಯನ್ನೇ ನೋಡುತ್ತಿದ್ದರು. ಅದು ಧೂಳಿನದಲ್ಲ, ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಇಡುವ ಹಿಸ್ಟಮಿನ್ ಎಂಬ ರಾಸಾಯನಿಕ; ಅಲರ್ಜಿ ಇರಲಿ, ಬಿಡಲಿ, ಎಲ್ಲರಿಗೂ ಅಲ್ಲಿ ಉಬ್ಬಬೇಕು. ಅಲ್ಲೂ ಉಬ್ಬಿರಲಿಲ್ಲ.

"ಬರೋಕಿಂತ ಮೊದ್ಲು ಏನಾರ ಗುಳಿಗಿ ತಗಂಡಿದ್ಯೇನವ್ವ?"

"ಹೂಂ ರೀ ಡಾಕ್ಟ್ರಮ್ಮ, ಸೀನಿನ ಗುಳಿಗಿ. ದೊಡ್ಡೋರ ಮುಂದ ಕುಂತು ಸೀನಿದ್ರ ಚಂದ ಇರ್ತದೇನ್ರಿ?"

"ನಿನ್ನ ಮರ್ಯಾದಿ ನನ್ನ ಪರೀಕ್ಷಾನ ಕೆಡಿಸ್ತಲ್ಲ, ತಾಯಿ! ಆ ಗುಳಿಗಿ ಸೀನಷ್ಟೇ ಅಲ್ಲ, ಚರ್ಮ ಉಬ್ಬೋದನ್ನೂ ತಡೀತದ. ಒಂದು ವಾರ ಆ ಗುಳಿಗಿ ಬಿಟ್ಟು ಬಾ. ನನ್ನ ಮಾರಿ ಮ್ಯಾಲೇ ಸೀನು, ಬ್ಯಾಡ ಅನ್ನಲ್ಲ."

"ಆಮ್ಯಾಲ ಬೈಬ್ಯಾಡ್ರಿ ಮತ್ತ!"

ಪರೀಕ್ಷೆಗೆಂದು ಸಾಲಿನಲ್ಲಿ ನಿಂತಿದ್ದ ಮಿಲ್ಲಿನವರು ನಕ್ಕರು. ವಿಚಾರಿಸಿದರೆ ಅವರಲ್ಲೂ ಹೆಚ್ಚಿನವರು ಅದೇ ಮರ್ಯಾದೆಗೆ ಗುಳಿಗೆ ನುಂಗಿ ಬಂದಿದ್ದರು! ಮೇಡಂ ಅದುವರೆಗಿನ ಫಲಿತಾಂಶಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದರು.

ಮುಂದಿನ ವಾರ ಜಂಬಕ್ಕನವರು ಮೂಗು ಕೆಂಪಗೆ ಮಾಡಿಕೊಂಡು ಬಂದರು. ಭತ್ತದ ಧೂಳಿನ ಹನಿ ಬಿದ್ದಲ್ಲಿ ಚರ್ಮ ಅವರೆಕಾಳಿನಷ್ಟು ಉಬ್ಬಿತು. ಮೇಡಂ ಬರೆದುಕೊಟ್ಟು ಸುಮ್ಮನಾಗದೆ, ತಾವೇ ಜೊತೆಗೆ ಹೋಗಿ ಆ ಕೈಯನ್ನು ಮಾಲೀಕರಿಗೆ ತೋರಿಸಿದರು. ಜಂಬಕ್ಕನವರು ಈಗ ಚೀಲ ಹೊಲಿಯುತ್ತಾರೆ. ರಾತ್ರಿ ಮಲಗಿ ನಿದ್ದೆ ಮಾಡುತ್ತಾರೆ.

ನಿವೃತ್ತರಾದ ಮೇಲೂ ಮೇಡಂ ಕಂಪ್ಲಿಯ ಬಸ್ಸು ಹತ್ತುವುದನ್ನು ಬಿಟ್ಟಿಲ್ಲ. ಅವರ ಆಯಸ್ಸು ಗಟ್ಟಿಯಾಗಿರಲಿ, ಕೈಯ ಕೆಲಸ ನಿಲ್ಲದಿರಲಿ ಎಂಬುದೇ ನಮ್ಮೆಲ್ಲರ ಹಾರೈಕೆ. ಬೀಳ್ಕೊಡುಗೆಗೆ ಬಂದಿದ್ದ ಜಂಬಕ್ಕನವರು ಹಾರ ಹಾಕಿ, ಮೆಲ್ಲಗೆ ಕೇಳಿದ್ದರು: "ಜರಡಿ ಹಿಡಿಯಾಕ ನನ್ನ ಜಾಗಕ್ಕ ತಂಗಿ ವಿರುಪಮ್ಮನ್ನ ಹಾಕ್ಯಾರ್ರಿ. ಅಕಿಗೂ ಪರೀಕ್ಷಾ ಮಾಡಿ, ಕೈ ಉಬ್ಬಿಲ್ಲ ಅಂದ್ರಿ ನೀವು. ಮುಂದ ಅಕಿಗೂ ಈ ದಮ್ಮು ಬರ್ತದೇನ್ರಿ?"

ಒಂದೇ ತಾಯಿಯ ಮಕ್ಕಳು, ಒಂದೇ ಧೂಳು. ಮೇಡಂ ಹಾರವನ್ನು ತೆಗೆದು ಮೇಜಿನ ಮೇಲಿಟ್ಟರು.

"ಇವತ್ತಿಗಿಲ್ಲ. ನಾಳೀದು ನನಗ ಗೊತ್ತಿಲ್ಲವ್ವ. ಇನ್ನೂ ಯಾರಿಗೂ ಗೊತ್ತಿಲ್ಲ."