ಶೇಕಡಾ ತೊಂಬತ್ತು ನೀರು

ಎಂಬತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಒಂದು ಕಚೇರಿಯಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಕಾರ್ಕಳದ ಕಡೆಯ ಹೊಳೆಯಿಂದ ನೀರೆತ್ತಿ, ಗುಡ್ಡದ ಮೇಲಿನ ಟ್ಯಾಂಕಿಗೆ ತುಂಬಿಸಿ, ಅಲ್ಲಿಂದ ಕಾಪುವಿನ ಕಡಲ ಬದಿಯ ಊರುಗಳಿಗೆ ಪೈಪಿನಲ್ಲಿ ಇಳಿಸುವ ಯೋಜನೆ ನಮ್ಮದು. ಪಂಪು, ಟ್ಯಾಂಕು, ಪೈಪು, ಕೊನೆಗೆ ನಲ್ಲಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದದ್ದೆಲ್ಲ ಗುಜರಿ. ಇಷ್ಟು ತಿಳಿಯಲು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಬೇಕಾಗಿಲ್ಲ. ನಾನು ಓದಿದ್ದೆ, ಅದು ಬೇರೆ ಮಾತು.

ಆ ಊರುಗಳಲ್ಲೊಂದಕ್ಕೆ ನನ್ನ ಅಕ್ಕನನ್ನು ಮದುವೆ ಮಾಡಿ ಕೊಟ್ಟಿದ್ದರು. ಕಡಲಿಗೆ ಕೂಗಳತೆಯ ಮನೆ. ಬೇಸಿಗೆ ಬಂತೆಂದರೆ ಬಾವಿಯ ನೀರು ಉಪ್ಪಾಗುತ್ತಿತ್ತು. ಅಂಗಳದ ಬದಿಯಲ್ಲಿ ಅವಳು ಮಲ್ಲಿಗೆ ಬೆಳೆಸಿದ್ದಳು. ಹೂ ಕಟ್ಟಿ ಶಂಕರಪುರದ ವ್ಯಾಪಾರಿಗೆ ಕೊಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಆ ಹೂವಿನಿಂದಲೇ. ದೂರದ ಗದ್ದೆಬಾವಿಯಿಂದ ಕೊಡದಲ್ಲಿ ನೀರು ಹೊತ್ತು ತಂದು, ತಾನು ಕುಡಿಯುವ ಮೊದಲು ಗಿಡಕ್ಕೆ ಹಾಕುವ ಜೀವ ಅದು.

ನಮ್ಮ ಕಚೇರಿಯಲ್ಲಿ ಪ್ರಗತಿಯನ್ನು ಅಳೆಯುತ್ತಿದ್ದದ್ದು ಪೈಪಿನ ಉದ್ದದಲ್ಲಿ. ಹೂಳಿದ್ದೆಷ್ಟು, ಹೂಳಬೇಕಾದದ್ದೆಷ್ಟು, ಭಾಗಿಸಿದರೆ ಶೇಕಡಾ ಸಿಕ್ಕಿತು. ಪಂಪಿಗೂ ಟ್ಯಾಂಕಿಗೂ ಉದ್ದವಿಲ್ಲವಲ್ಲ, ಹಾಗಾಗಿ ಅವು ಲೆಕ್ಕಕ್ಕೇ ಇಲ್ಲ. ಹೀಗೆ ಅಳೆದರೆ ಯಾರಾದರೂ ಏನು ಮಾಡುತ್ತಾರೆ? ಕಾರ್ಕಳದ ಬದಿಯ ಗಟ್ಟಿ ಮುರಕಲ್ಲಿನಲ್ಲಿ ಇಡೀ ದಿನ ಬೆವರು ಸುರಿಸಿ ಅಗೆಯುವಷ್ಟನ್ನು ಕಾಪುವಿನ ಹೊಯ್ಗೆಯಲ್ಲಿ, ಆ ಸಡಿಲ ಮರಳಿನಲ್ಲಿ, ಬೆಳಗಿನ ಚಹಾಕ್ಕೆ ಮೊದಲೇ ಅಗೆಯಬಹುದು. ಗುತ್ತಿಗೆದಾರ ಹೊಯ್ಗೆಯಿಂದಲೇ ಶುರು ಮಾಡಿದ. ನೀರಿನ ಸುದ್ದಿಯೇ ಇಲ್ಲದಾಗ ನಲ್ಲಿಗಳು ಎದ್ದು ನಿಂತವು. ನಮ್ಮ ಮೇಲಧಿಕಾರಿ ಸಾಹೇಬರ ಕೋಣೆಯ ಗೋಡೆಯಲ್ಲಿದ್ದ ನಕ್ಷೆಯಲ್ಲಿ ತಿಂಗಳಿಂದ ತಿಂಗಳಿಗೆ ಕೆಂಪು ಪೆನ್ಸಿಲಿನ ಗೆರೆ ಉದ್ದವಾಗುತ್ತಾ ಹೋಯಿತು.

ಅಕ್ಕನ ಬೇಲಿಯ ದಣಪೆಯ ಹತ್ತಿರವೂ ಒಂದು ನಲ್ಲಿ ಬಂತು. ಅವಳು ಅದರ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿದಳು. ಮಳೆ ಹಿಡಿದಾಗ ಅಂಗಳದ ಉಳಿದ ಜಾಗಕ್ಕೆಲ್ಲ ಹೊಸ ಮಲ್ಲಿಗೆ ಗಿಡ ನೆಟ್ಟಳು.

"ತೊಂಬತ್ತು ಶೇಕಡಾ ಆಗಿದೆಯಂತೆ. ಪಂಚಾಯತಿನಲ್ಲಿ ಹೇಳಿದರು," ಅಂದಳು.

"ಅಕ್ಕ, ಪಂಪಿಗೆ ಇನ್ನೂ ಅಡಿಪಾಯವೇ ಹಾಕಿಲ್ಲ."

"ನಿನ್ನದು ಯಾವಾಗಲೂ ಒಂದು ಅಪಶಕುನ. ಹತ್ತರಲ್ಲಿ ಒಂಬತ್ತು ಆದದ್ದಕ್ಕೆ ಇನ್ನೊಂದು ಆಗಲಿಕ್ಕೆ ಎಷ್ಟು ಹೊತ್ತು ಮಾರಾಯ?"

ಮುಂದಿನ ಸಭೆಯಲ್ಲಿ ನಾನು ಬಾಯಿಬಿಟ್ಟೆ. ಪೈಪಿನ ಉದ್ದ ಬೇಡ, ಎಷ್ಟು ಮನೆಗೆ ನೀರು ಬಂತು ಎಂದು ಎಣಿಸೋಣ ಎಂದೆ.

"ಹಾಗೆ ಎಣಿಸಿದರೆ ಈಗ ಎಷ್ಟು ಬರ್ತದೆ?" ಸಾಹೇಬರು ಕೇಳಿದರು.

"ಸೊನ್ನೆ."

"ಸೊನ್ನೆ ಬರೆದು ಬೆಂಗಳೂರಿಗೆ ಕಳಿಸ್ಲಿಕ್ಕೆ ನನಗೆ ಎಂತ, ಮರ್ಲು ಉಂಟಾ?"

ಎಲ್ಲರೂ ನಕ್ಕರು. ಚಹಾ ಬಂತು, ಕುಡಿದೆವು.

ಮೇಲಿನವರು ಆ ತೊಂಬತ್ತನ್ನು ನಂಬಿದರು. ಇದು ಮುಗಿದಂತೆಯೇ, ಉಳಿದ ಹತ್ತಕ್ಕೆ ಸ್ವಲ್ಪ ಹಣ ಸಾಕು ಎಂದು ದೊಡ್ಡ ಪಾಲನ್ನು ಹಿಂದೆ ಬಿದ್ದಿದ್ದ ಬೇರೆ ಯೋಜನೆಗಳಿಗೆ ಕೊಟ್ಟರು. ಮುರಕಲ್ಲೆಲ್ಲ ಉಳಿದಿದ್ದದ್ದು ಆ ಹತ್ತರಲ್ಲೇ; ಪಂಪು, ಟ್ಯಾಂಕು ಆ ಲೆಕ್ಕದ ಹೊರಗೇ ಉಳಿದಿದ್ದವು. ಬಂದ ಚಿಲ್ಲರೆಯಲ್ಲಿ ಇನ್ನಷ್ಟು ಹೊಯ್ಗೆ ಅಗೆದು, ಇನ್ನಷ್ಟು ಪೈಪು ಹೂಳಿ, ತೊಂಬತ್ತನ್ನು ತೊಂಬತ್ತಾರು ಮಾಡಿದರು. ಒಳ್ಳೆಯ ಪ್ರಗತಿಗೆಂದು ಸಾಹೇಬರಿಗೆ ಬಡ್ತಿ ಸಿಕ್ಕಿತು. ನನಗೆ ಹೊಟ್ಟೆಯುರಿಯಿತು. ಸುಳ್ಳೇಕೆ, ಈಗಲೂ ಉರಿಯುತ್ತದೆ.

ಆ ಬೇಸಿಗೆಯಲ್ಲಿ ಅಕ್ಕ ಹೊತ್ತ ನೀರು ಅಷ್ಟು ಗಿಡಗಳಿಗೆ ಸಾಲಲಿಲ್ಲ. ಬೇರೆ ದಾರಿ ಕಾಣದೆ ಉಪ್ಪುನೀರನ್ನೇ ಹಾಕಿದಳು. ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬಂದವು. ನೀರಿಲ್ಲದ ಊರುಗಳಿಗೆ ಸರಕಾರ ಸಿಹಿನೀರಿನ ಬಾವಿ ತೋಡಿಸಿ ಕೊಡುತ್ತಿದ್ದ ಕಾಲ. ಕೇಳಿ ನೋಡೋಣ ಎಂದು ಅವಳನ್ನು ಆ ಬಾವಿಯ ಇಲಾಖೆಗೆ ಕರೆದುಕೊಂಡು ಹೋದೆ. ಮೇಜಿನ ಹಿಂದಿದ್ದವರು ಮರ್ಯಾದಸ್ಥರು. ಕುಳಿತುಕೊಳ್ಳಲು ಹೇಳಿದರು, ಊರು ಯಾವುದೆಂದು ಕೇಳಿ ತಲೆಯಾಡಿಸಿದರು.

"ನಿಮ್ಮ ಊರಿಗೆ ಬಾವಿ ಸಿಗ್ಲಿಕ್ಕಿಲ್ಲ ಅಮ್ಮ. ನಿಮ್ಮಲ್ಲಿ ನಲ್ಲಿ ಉಂಟು ಅಲ್ವಾ?"

"ನಲ್ಲಿ ಉಂಟು. ನೀರಿಲ್ಲ."

"ಅದು ನಮಗೆ ಬರುವುದಿಲ್ಲ. ನಲ್ಲಿ ಇದ್ದರೆ ನೀರು ಉಂಟು ಅಂತಲೇ ಲೆಕ್ಕ."

ಅಕ್ಕ ಮೇಜಿನ ಕಡೆಗೆ ಬಾಗಿದಳು. "ನಾನು ಆ ನಲ್ಲಿಯನ್ನು ಕಿತ್ತು ಹಾಕಿದರೆ ಬಾವಿ ಸಿಗ್ತದಾ?"

"ಅಯ್ಯೋ, ಹಾಗೆಲ್ಲ ಮಾಡಬೇಡಿ. ಸರಕಾರದ ಸೊತ್ತು. ಕೇಸಾಗ್ತದೆ."

ಬಸ್ಸಿಳಿದ ಅಕ್ಕ ನನಗಿಂತ ಮುಂದೆ ನಡೆದಳು. ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಿಕ್ಕಾಸು ತಂದು, ಮಲ್ಲಿಗೆ ಗಿಡಗಳನ್ನು ಬುಡಸಮೇತ ಕಿತ್ತಳು, ಹಳೆಯದು ಹೊಸದು ಎಂದು ನೋಡದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಶಂಕರಪುರದಲ್ಲಿ ಬೇರೆಯವರ ಜಗಲಿಯಲ್ಲಿ ಕುಳಿತು, ಬೇರೆಯವರ ಹೂ ಕಟ್ಟಿಕೊಟ್ಟು ಬದುಕಿದಳು.